ಒಳಗೆ ಬಿಟ್ಟ ಬಟ್ಟೆ

ನನ್ನ ಹಸಿರು ಜಂಪರು ಮೊಣಕೈಯವರೆಗೆ ಸರಾಗವಾಗಿ ಬಂದು, ಅಲ್ಲಿಂದ ಮುಂದೆ ಒಂದಂಗುಲವೂ ಏರಲಾರೆನೆಂದು ಮುಷ್ಕರ ಹೂಡಿತು. ಸಿಂಧನೂರಿನ ನಮ್ಮ ಮನೆಯ ಕನ್ನಡಿಯ ಮುಂದೆ ಒಂದು ಕೈ ಗಾಳಿಯಲ್ಲಿ, ಇನ್ನೊಂದು ಕೈ ತೋಳಿನೊಳಗೆ ಸಿಕ್ಕಿಕೊಂಡು, ಬಸ್ಸಿಗೆ ಕೈಮಾಡುವವಳ ಭಂಗಿಯಲ್ಲಿ ನಿಂತಿದ್ದ ನನ್ನನ್ನು ಕಂಡು ನಮ್ಮ ಯಜಮಾನರು ಪತ್ರಿಕೆಯನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದರು. ಪತ್ರಿಕೆ ಮಾತ್ರ ಗಡಗಡ ಅಲುಗುತ್ತಿತ್ತು.

ಜಂಪರು ಎಂದರೆ ನಮ್ಮ ಕಡೆ ರವಿಕೆ. ಕುಬಸ ಎಂದರೂ ರವಿಕೆಯೇ. ಏಳನೆಯ ತಿಂಗಳ ಬಸುರಿಗೆ ಹಸಿರು ಸೀರೆ, ಹಸಿರು ಬಳೆ, ಹಸಿರು ರವಿಕೆ ತೊಡಿಸಿ ಉಡಿ ತುಂಬುವ ಸಂಭ್ರಮಕ್ಕೂ ಅದೇ ಹೆಸರು. ತುಂಡು ಬಟ್ಟೆಯ ಹೆಸರನ್ನು ಒಂದು ಹಬ್ಬಕ್ಕೇ ಇಟ್ಟುಬಿಟ್ಟ ಜನ ನಾವು. ಈ ಜಂಪರು ನನ್ನ ಕುಬಸಕ್ಕೆ ಹೊಲಿಸಿದ್ದು. ಅಂದು ನನ್ನ ಹೊಟ್ಟೆಯಲ್ಲಿದ್ದ ಶೈಲಾಗೆ ನಾಳೆ ಲಿಂಗಸುಗೂರಿನ ಗಂಡನ ಮನೆಯಲ್ಲಿ ಕುಬಸ. ಇದನ್ನೇ ತೊಟ್ಟು ಅವಳಿಗೆ ಆರತಿ ಎತ್ತಬೇಕೆಂಬುದು ಅವಳು ಬಸುರಿಯೆಂದು ತಿಳಿದ ಗಳಿಗೆಯಿಂದ ನನ್ನನ್ನು ಹಿಡಿದಿದ್ದ ಹುಚ್ಚು. ಏಳು ತಿಂಗಳ ಬಸುರಿಯ ಮೈಗೆ ಹೊಲಿದದ್ದು ಹೊಟ್ಟೆಯಲ್ಲಿ ಏನೂ ಇಲ್ಲದ ನನಗೆ ಸಾಲದೆಂದರೆ, ಇಷ್ಟು ವರ್ಷ ನಾನು ಹೊತ್ತು ತಿರುಗುತ್ತಿರುವುದು ಯಾರನ್ನು, ನೀವೇ ಹೇಳಿ. ನಕ್ಕೆ, ಆಮೇಲೆ ಸ್ವಲ್ಪ ಅತ್ತೆ.

ಅತ್ತವಳಿಗೆ ಒಡನೆಯೇ ಒಂದು ಸೇಡಿನ ಉಪಾಯ ಹೊಳೆಯಿತು: ನನಗೆ ಒದಗದಿದ್ದರೆ ಇದು ಮ್ಯೂಜಿಯಂ ಸೇರಲಿ! ಇದನ್ನು ಹೊಲಿದವಳು ಅಂತಿಂಥವಳಲ್ಲ, ಮಸ್ಕಿಯ ಮಾಬೂಬಿ. ತೋಳಿನ ಅಂಚಿಗೆ ಆಕೆ ರೇಷ್ಮೆ ದಾರದಲ್ಲಿ ಕೂರಿಸಿದ ಜೋಳದ ತೆನೆಯನ್ನು ಮೊದಲು ನಾಟಕ ಕಂಪನಿಯ ನಟಿಯರು ತೊಟ್ಟರು, ಆಮೇಲೆ ದೊಡ್ಡ ದೊಡ್ಡ ಊರಿನ ಅಂಗಡಿಗಳು ಕೇಳಿಕೊಂಡು ಬಂದವು, ಅಲ್ಲಿಯವರು ಆಕೆಯನ್ನು ಡಿಸೈನರ್ ಎಂದು ಕರೆದಾಗ, “ಹಂಗಂದ್ರ ದರ್ಜಿ ಅಲ್ಲೇನ್ರಿ?” ಎಂದು ಆಕೆ ಗಾಬರಿಯಾದಳಂತೆ. ಆಕೆ ತೀರಿಕೊಂಡ ಮೇಲೆ ಸೊಸೆ ರಜಿಯಾ ಹಳೆಯ ಮನೆಯನ್ನೇ ಪುಟ್ಟ ಮ್ಯೂಜಿಯಂ ಮಾಡಿದ್ದಾಳೆ. ಫೋನು ಮಾಡಿದೆ. “ಅತ್ತಿಯಾರ ಕೈದೇನ್ರಿ ಅಕ್ಕಾರ? ತರ್ರಿ, ನಿಮ್ಮ ಹೆಸರಿನ ಚೀಟಿ ಈಗಽ ಬರ್ದಿಡ್ತೀನಿ” ಎಂದಳು. ಲಿಂಗಸುಗೂರಿನ ಬಸ್ಸು ಹೇಗೂ ಮಸ್ಕಿಯ ಮೇಲೇ ಹೋಗುತ್ತದೆ. ಆ ಊರಿನ ಗುಡ್ಡದ ಬಂಡೆಯ ಮೇಲೆ ಚಕ್ರವರ್ತಿಯೊಬ್ಬ ತನ್ನ ಹೆಸರು ಕೊರೆಸಿ ಯಾವ ಕಾಲವಾಯಿತೋ; ಈಗ ಅದೇ ಊರಿನಲ್ಲಿ ಗಾಜಿನ ಹಿಂದೆ ನನ್ನ ಹೆಸರೂ! ಬಸ್ಸಿನ ಕಿಟಕಿಯ ಪಕ್ಕ ಕೂತು ಒಬ್ಬಳೇ ಹಲ್ಲು ಕಿರಿಯುತ್ತಿದ್ದ ನನ್ನನ್ನು ಕಂಡಕ್ಟರು ಎರಡು ಸಲ ತಿರುಗಿ ನೋಡಿದ.

ಮಾಬೂಬಿಯದು ಪರಸಿ ಕಲ್ಲಿನ ನೆಲದ ಎರಡೇ ಕೋಣೆಯ ಮನೆ. ಬಾಗಿಲಲ್ಲೇ ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ, ಗೋಡೆಯ ಮೇಲೆ ಹಳೆಯ ಪತ್ರಿಕೆಯಲ್ಲಿ ಕತ್ತರಿಸಿದ ಬೆನ್ನು, ತೋಳು, ಕೊರಳುಗಳ ಅಚ್ಚು, ಸುತ್ತ ಗಾಜಿನ ಪೆಟ್ಟಿಗೆಗಳು. ಆದರೆ ಪೆಟ್ಟಿಗೆಗಳ ಹತ್ತಿರ ಹೋದವಳು ಕಕ್ಕಾಬಿಕ್ಕಿಯಾದೆ: ಒಳಗಿದ್ದ ಜಂಪರುಗಳೆಲ್ಲ ಉಲ್ಟಾ! ಒಂದರಲ್ಲೂ ತೆನೆ ಕಾಣದು. ಕಾಣುವುದೆಲ್ಲ ಗಂಟು, ದಾರದ ಬಾಲ, ಒಂದರ ಪಕ್ಕ ಒಂದು ಓಡುವ ಹೊಲಿಗೆ. ಬಟ್ಟೆ ಒಣಹಾಕುವ ಹಗ್ಗವನ್ನು ಗಾಜಿನೊಳಗೆ ಇಟ್ಟಂತಿದ್ದ ಆ ವೈಭವಕ್ಕೆ ನನಗೆ ನಗು ಒತ್ತರಿಸಿ ಬಂತು.

“ನಗ್ರಿ, ಎಲ್ಲಾರೂ ನಗ್ತಾರ,” ಎಂದಳು ರಜಿಯಾ. “ಅತ್ತಿಯಾರು ಹೇಳ್ತಿದ್ರು, ಹೊರಗಿನ ಬಾಜೂ ತೊಟ್ಟಾಕಿದು, ಒಳಗಿನ ಬಾಜೂ ನಂದು ಅಂತ.”

ಹಾಗೆ ಹೇಳುತ್ತಲೇ ನನ್ನ ಜಂಪರನ್ನೂ ತಿರುವಿ ಹಾಕಿ, ಬೆಳಕಿಗೆ ಹಿಡಿದು, ಪಕ್ಕೆಯ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಆ ಬೆರಳನ್ನು ನೋಡುತ್ತಿದ್ದಂತೆ ನನಗೆ ಅವಳ ಅತ್ತೆಯ ಬೆರಳು ನೆನಪಾಯಿತು. ನನ್ನ ಕುಬಸದ ಮುಂಚೆ ಅವ್ವ ನನ್ನನ್ನು ತವರೂರು ಸಂತೆಕಲ್ಲೂರಿನಿಂದ ಇದೇ ಕೋಣೆಗೆ ಅಳತೆಗೆ ಕರೆತಂದಿದ್ದಳು. ಟೇಪು ಹಿಡಿದ ಮಾಬೂಬಿಗೆ ಅದರ ಮೇಲೆ ಲಕ್ಷ್ಯವೇ ಇರಲಿಲ್ಲ, ಕಚಗುಳಿಯಾಗಿ ಕಿಲಕಿಲ ಎನ್ನುತ್ತಿದ್ದ ನನ್ನ ಮುಖವನ್ನೇ ನೋಡಿ, “ನೀ ನಗೂ ಹೆಣ್ಮಗಳು ಅದಿ. ದಪ್ಪ ಆಗ್ತಿ,” ಎಂದಿದ್ದಳು. ಅವ್ವ ಬಿದ್ದು ಬಿದ್ದು ನಕ್ಕಳು. ನಾನು ಬಸ್ಸು ಹತ್ತುವವರೆಗೂ ಮುಖ ಊದಿಸಿಕೊಂಡಿದ್ದೆ.

“ಅಕ್ಕಾರ, ಇದನ್ನ ನಾ ಇಟಗೊಳ್ಳಾಂಗಿಲ್ರಿ,” ಎಂದಳು ರಜಿಯಾ.

ನನ್ನ ಚಕ್ರಾಧಿಪತ್ಯ ಕ್ಷಣದಲ್ಲಿ ಕುಸಿಯಿತು. ಯಾಕವ್ವಾ ಎಂದು ಕೇಳಿದೆ.

“ಬಿಚ್ಚಿ ಬಿಚ್ಚಿ ಬಿಚ್ಚಾಕ ಏನೂ ಉಳಿದಿಲ್ಲ ಅಂದಾಗ ಇಲ್ಲಿಗಿ ಬರ್ತಾವ್ರಿ. ನಿಮ್ಮದ್ರಾಗ ಇನ್ನಾ ಜಾಗ ಐತಿ.”

ನಾನು ನಂಬಲಿಲ್ಲ. ಎರಡನೆಯ ಹೆರಿಗೆಯ ನಂತರ ಪಕ್ಕೆಯ ಹೊಲಿಗೆಗಳನ್ನೆಲ್ಲ ನಾನೇ ಬ್ಲೇಡು ಹಿಡಿದು ಬಿಚ್ಚಿದ್ದೆ. ರಜಿಯಾ ಕಂಕುಳ ಬಳಿಯ ಒಂದು ದಪ್ಪ ಅಂಚನ್ನು ಬಿಡಿಸಿದಳು. ಅಂಚೆಂದು ನಾನು ತಿಳಿದದ್ದು ಅಂಚಾಗಿರಲಿಲ್ಲ. ಮಡಚಿ, ಮತ್ತೆ ಮಡಚಿ, ತೋಳಿನುದ್ದಕ್ಕೂ ಪಕ್ಕೆಯುದ್ದಕ್ಕೂ ಬಚ್ಚಿಟ್ಟ ಬಟ್ಟೆಯಾಗಿತ್ತು. “ನಗೂ ಮಂದಿಗಿ ಒಳಗ ಹೆಚ್ಚಿಗಿ ಬಿಡಬೇಕು ಅಂತಿದ್ರು,” ಎಂದವಳೇ ಮಾಬೂಬಿಯ ಯಂತ್ರದ ಮುಂದೆ ಕೂತಳು. ಅದರ ಮೇಲಿದ್ದ ‘ಮುಟ್ಟಬೇಡಿ’ ಎಂಬ ಫಲಕವನ್ನು ಎತ್ತಿ ನನ್ನ ಕೈಗೆ ಕೊಟ್ಟಳು. ಯಂತ್ರ ಒಮ್ಮೆ ಕೆಮ್ಮಿ, ಆಮೇಲೆ ಟಕಟಕ ಓಡತೊಡಗಿತು.

ನನಗೆ ತಲೆ ತಿರುಗುವಷ್ಟು ಖುಷಿ. ಮುಖ ಊದಿಸಿಕೊಂಡಿದ್ದ ಹುಡುಗಿಯ ಮುಂದಿನ ನಗುವಿಗೆಲ್ಲ ಒಬ್ಬ ಹೆಂಗಸು ಮೊದಲೇ ಬಟ್ಟೆ ಎತ್ತಿಟ್ಟಿದ್ದಳಲ್ಲ! ನಾನು ದಪ್ಪವಾದೆನೆಂದು ಕನ್ನಡಿ ಆಡಿಕೊಂಡಿತು, ಮಂದಿ ಆಡಿಕೊಂಡರು. ದಪ್ಪವಾಗು, ಜಾಗ ಇಟ್ಟಿದ್ದೇನೆ ಎಂದವಳು ಮಾಬೂಬಿ ಒಬ್ಬಳೇ. ಯೋಚಿಸಿದರೆ, ಮುಂದೆ ಬರುವವರಿಗಾಗಿ ಒಂದಿಷ್ಟು ಬಿಡುವುದೇ ನಮ್ಮ ಸೀಮೆಯ ಡಿಸೈನು. ಸಿಂಧನೂರಿನಲ್ಲಿ ಮನೆ ಕಟ್ಟಿದವರು ಮಾಳಿಗೆಯ ಮೇಲೆ ಕಬ್ಬಿಣದ ಸರಳುಗಳನ್ನು ಹಾಗೇ ನಿಲ್ಲಿಸಿರುತ್ತಾರೆ, ಮಗ ಮೇಲಂತಸ್ತು ಕಟ್ಟಲಿ ಎಂದು. ಸಂತೆಕಲ್ಲೂರಿನ ಆಟೋದಲ್ಲಿ ಉಸಿರಾಡಲು ಜಾಗವಿಲ್ಲದಾಗಲೂ ಇನ್ನೊಬ್ಬರಿಗೆ ಇರುತ್ತದೆ. ಬಸುರಿಯೂ ಹಾಗೆಯೇ ಅಲ್ಲವೆ, ಕಾಣದವರಿಗೆ ತನ್ನೊಳಗೇ ಜಾಗ ಬಿಟ್ಟುಕೊಟ್ಟವಳು. ಹುಟ್ಟುವ ಮುಂಚೆಯೇ ಒಬ್ಬರು ನಮಗೆ ಸರಿದು ಕೂತಿದ್ದರು ಎಂಬುದನ್ನು ನಾವು ಎಷ್ಟು ಬೇಗ ಮರೆಯುತ್ತೇವೆ.

ಹೊರಡುವಾಗ ಚೀಟಿಯ ಗತಿಯೇನೆಂದು ಕೇಳಿದೆ. ರಜಿಯಾ ಅದನ್ನು ಖಾಲಿ ಪೆಟ್ಟಿಗೆಯೊಳಗೇ ಇಟ್ಟಳು. ‘ಗಿರಿಜಮ್ಮನವರ ಕುಬಸದ ಜಂಪರು’ ಎಂದಿದ್ದುದರ ಕೆಳಗೆ ಹೊಸದಾಗಿ ಒಂದು ಸಾಲು ಸೇರಿಸಿದಳು: ‘ಸದ್ಯ ಮೈಮೇಲಿದೆ.’

ಮರುದಿನ ಲಿಂಗಸುಗೂರಿನಲ್ಲಿ ಜಂಪರು ಮೊಣಕೈ ದಾಟಿತು, ತೋಳು ದಾಟಿತು, ಭುಜದ ಮೇಲೆ ಹೋಗಿ ತೆಪ್ಪಗೆ ಕೂತಿತು. ಒಂದೇ ಒಂದು ತೊಡಕು: ಹೊರಗಿನ ಹಸಿರೆಲ್ಲ ಬಿಸಿಲು ಕಂಡು ಮಾಸಿತ್ತು, ಒಳಗಿದ್ದದ್ದು ಮಾತ್ರ ಅಂದಿನ ಎಳೆ ಪೈರಿನ ಹಸಿರಾಗಿಯೇ ಉಳಿದಿತ್ತು. ಆರತಿ ಎತ್ತಿದ್ದೇ ತಡ, ಕಂಕುಳಿಂದ ಪಕ್ಕೆಯವರೆಗೆ ಅದು ಫಳ್ಳನೆ ಎದ್ದು ಕಂಡಿತು.

“ಅವ್ವಾ, ಬಗಲಾಗ ಬ್ಯಾರೆ ಹಸರು ಕಾಣಾಕತ್ತೈತಿ. ಕೈ ಇಳಿಸ,” ಎಂದು ಶೈಲಾ ಪಿಸುಗುಟ್ಟಿದಳು.

“ಅದು ನೀ ಹೊಟ್ಟ್ಯಾಗ ಇದ್ದಾಗಿನ ಹಸರು. ಕಾಣ್ಲಿ ಬಿಡ,” ಎಂದೆ.

ಅವಳು ಎರಡೂ ಕೈಗಳಿಂದ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಅವಳನ್ನು ನೋಡಿ ನಾನೂ ಆರತಿಯ ತಟ್ಟೆ ಅಲುಗುವಂತೆ, ಮೈಯೆಲ್ಲ ಕುಲುಕುವಂತೆ ನಕ್ಕೆ. ಹೊಲಿಗೆ ಬಿಡಲಿಲ್ಲ.