ಎಡಗೈಯ ಮುದ್ದೆ

ಬೆಲ್ಲ ತೂಗುತ್ತಿದ್ದೆ. ಅಚ್ಚು ಕೈಯಿಂದ ಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದೆ, ಬಲಗೈ ಬರಲಿಲ್ಲ.

ಕೈ ನನ್ನದೇ. ಹೇಳಿದ ಮಾತು ಕೇಳುತ್ತಿಲ್ಲ.

ಹೊಳವನಹಳ್ಳಿ ಬಸ್ ಸ್ಟಾಪಿನೆದುರು ನಮ್ಮ ದಿನಸಿ ಅಂಗಡಿ. ಗಂಡ ಷಟರ್ ಎಳೆದು, ಸಿಕ್ಕಿದ ಕಾರಿನಲ್ಲಿ ತುಮಕೂರಿಗೆ ಕರೆದೊಯ್ದರು. ಸ್ಕ್ಯಾನ್ ಆಯಿತು. ಸ್ಟ್ರೋಕ್ ಅಂದರು. ಜೀವ ಉಳಿಯಿತು, ಮಾತು ತೊದಲುತ್ತಾ ಮರಳಿತು. ಬಲಗೈ ಮಾತ್ರ ಮಡಿಲಲ್ಲಿ ಬಿದ್ದುಕೊಂಡಿತು.

ನಿಜವಾದ ಸಂಕಟ ಮನೆಗೆ ಬಂದ ಮೇಲೆ. ನನ್ನ ಲಿಂಗಪೂಜೆ ನಿಂತೇ ಹೋಯಿತು. ಊಟಕ್ಕೆ ಅತ್ತೆಯೇ ತುತ್ತಿಡಬೇಕು. ಊರಿಗೆಲ್ಲ ತೂಗಿ ಕೊಟ್ಟವಳು ಒಂದು ತುತ್ತಿಗೆ ಬಾಯಿ ತೆರೆದು ಕಾಯುವುದೆಂದರೆ! ಒಮ್ಮೆ ರೇಗಿ ಎಡಗೈಯನ್ನೇ ತಟ್ಟೆಗೆ ಹಾಕಿಬಿಟ್ಟೆ.

"ಅಯ್ಯೋ, ಎಡಗೈಲಿ ಉಣ್ತಾರೇನೇ? ನಾನಿಲ್ವಾ, ಬುಡು!" ಅತ್ತೆ ತಟ್ಟೆ ಎಳೆದುಕೊಂಡರು.

ಮುಂದಿನ ಚೆಕಪ್‌ಗೆ ಅವರೂ ಬಂದರು. ನೇರ ಡಾಕ್ಟರನ್ನೇ ಕೇಳಿದರು. "ಉಣ್ಣಾಕೆ ಅಂತ್ಲೇ ದೇವ್ರು ಬಲಗೈ ಮಾಡವ್ನೆ, ಅಲ್ವಾ ಡಾಕ್ಟ್ರೇ?"

ಡಾಕ್ಟರ್ ನಕ್ಕರು. "ಹೆಚ್ಚಿನವರಿಗೆ ಬಲಗೈಯೇ ರೂಢಿ ಅಜ್ಜಿ. ಮಗು ಹೊಟ್ಟೇಲಿರುವಾಗಲೇ ಆ ಒಲವು ಶುರುವಾಗುತ್ತೆ. ಯಾಕೆ ಅಂತ ಪೂರ್ತಿ ನಮಗೂ ಗೊತ್ತಿಲ್ಲ. ಬಲಗೈಯನ್ನ ಆಡಿಸೋದು ಮೆದುಳಿನ ಎಡಭಾಗ, ಇವರಿಗೆ ಪೆಟ್ಟಾಗಿರೋದು ಅಲ್ಲೇ. ಫಿಸಿಯೋ ಬಿಡಬೇಡಿ. ಎಡಗೈಗೂ ಕೆಲಸ ಕೊಡಿ."

ಅತ್ತೆ ಒಪ್ಪಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಗೊಣಗಿದರು.

ಮರುದಿನ ಬೆಳಿಗ್ಗೆ ಅವರು ಮಿಂದು ಪೂಜೆಗೆ ಕೂತರು. ದಿನವೂ ಕಾಣುವುದೇ, ನಾನೂ ವರ್ಷಗಟ್ಟಲೆ ಮಾಡಿದ್ದೇ. ಆದರೂ ಅವತ್ತು ಕಣ್ಣು ಅಲ್ಲೇ ನಿಂತಿತು. ಇಷ್ಟಲಿಂಗ ಇದ್ದದ್ದು ಎಡ ಅಂಗೈಮೇಲೆ. ಬಲಗೈ ವಿಭೂತಿ ಹಚ್ಚುತ್ತಿತ್ತು, ಅಷ್ಟೇ.

ಪೂಜೆ ಮುಗಿಯುವವರೆಗೆ ಬಾಯಿ ಬಿಗಿಹಿಡಿದೆ. ನನಗದು ಸ್ಟ್ರೋಕಿಗಿಂತ ಕಷ್ಟ.

"ಅತ್ತೆ, ಶಿವ ಕೂರೋ ಕೈ ಮುದ್ದೆಗೆ ಆಗಾಕಿಲ್ವಾ?"

ಅವರು ಎದ್ದು ಒಲೆಯತ್ತ ನಡೆದರು.

ಮಧ್ಯಾಹ್ನ ತಟ್ಟೆ ನನ್ನ ಎಡಕ್ಕೆ ಬಂತು. ಮುದ್ದೆ ಮುರಿದೆ. ಅರ್ಧ ಬಾಯಿಗೆ, ಅರ್ಧ ಸೀರೆಗೆ. ಬೈಗುಳ ಬರಬಹುದೆಂದು ತಿರುಗಿದರೆ, ಅತ್ತೆಯೂ ಎಡಗೈಯಲ್ಲೇ ತುತ್ತು ಮುರಿಯುತ್ತಿದ್ದಾರೆ! ತುತ್ತು ಜಾರಿ, ಸಾರು ಅವರ ಕನ್ನಡಕಕ್ಕೆ ಸಿಡಿಯಿತು.

"ಥೂ, ಹೆಂಗೆ ಉಣ್ತೀಯೇ ಇದ್ರಲ್ಲಿ?"

ಎಷ್ಟೋ ದಿನದ ಮೇಲೆ ನಕ್ಕೆ. ನಗುತ್ತಲೇ ಅಳು ಬಂತು.

ಬಲಗೈಯ ಹೆಬ್ಬೆರಳು ಈಗ ತುಸು ಅಲುಗುತ್ತದೆ. ಪೂರ್ತಿ ಬರುತ್ತದೋ ಇಲ್ಲವೋ, ಯಾರೂ ಹೇಳುತ್ತಿಲ್ಲ. ಮೊನ್ನೆ ಅತ್ತೆ ತಾವಾಗಿಯೇ ನನ್ನ ಕೊರಳಿನ ಲಿಂಗವನ್ನು ತೆಗೆದು, ಮಡಿಲಲ್ಲಿದ್ದ ಬಲ ಅಂಗೈ ಬಿಡಿಸಿ ಅದರ ಮೇಲಿಟ್ಟರು.

"ಸುಮ್ನೆ ತಾನೇ ಕುಂತೈತೆ, ಅದೇ ಹಿಡ್ಕಂಡಿರ್ಲಿ. ನೀನು ಎಡಗೈಲಿ ವಿಭೂತಿ ಹಚ್ಚು."

ಹಚ್ಚಿದೆ. ಬಲಗೈ ಬೀಳಿಸಲಿಲ್ಲ.