ಅಮ್ಮಣ್ಣಿಯ ಬಸ್ಸು, ರಿತೇಶನ ಹನ್ನೊಂದು ಎಂಜಿನ್‌ಗಳು

ರಿತೇಶ ಒಂದು ರೈಸ್ ಕುಕ್ಕರ್ ಕೊಳ್ಳಲು ಮೂರು ವಾರ ತೆಗೆದುಕೊಂಡ ಮನುಷ್ಯ. ದುಬೈ ಸಿಲಿಕಾನ್ ಓಯಸಿಸ್‌ನ ಒಂದು ಕಂಪನಿಯಲ್ಲಿ ಕಂಪ್ಯೂಟರ್‌ಗಳ ಉಸ್ತುವಾರಿ ಅವನದು, ಕೆಲಸದಲ್ಲಿ ಬೆರಳು ತೋರಿಸುವಂತಿಲ್ಲ. ಆದರೆ ಎರಡು ವಸ್ತು ಎದುರಿಗಿಟ್ಟು ಒಂದನ್ನು ಆರಿಸು ಎಂದರೆ ಕತೆ ಮುಗಿಯಿತು. ಇಂಥವನ ಕೈಗೆ ತನ್ನ ದೊಡ್ಡಮ್ಮನ ವಿಷಯ ಕೊಟ್ಟದ್ದಕ್ಕೆ ಹೆಂಡತಿ ದೀಪ್ತಿ ಈಗಲೂ ಹಣೆ ಚಚ್ಚಿಕೊಳ್ಳುತ್ತಾಳೆ.

ದೊಡ್ಡಮ್ಮ ಅಮ್ಮಣ್ಣಿ ಬೀಡಿ ಕಟ್ಟಿ ದೀಪ್ತಿಯನ್ನು ಓದಿಸಿದವಳು. ಹತ್ತೊಂಬತ್ತರ ಪ್ರಾಯದಲ್ಲಿ ಅವಳು ಮುಂಬೈ ಬಸ್ಸಿನ ಟಿಕೇಟು ಹಿಡಿದು ಪಡುಬಿದ್ರಿ ಪೇಟೆಯಲ್ಲಿ ನಿಂತಿದ್ದಳಂತೆ. ಹತ್ತದೆ ಮನೆಗೆ ವಾಪಸಾದಳು. ತಂಗಿಯರಿಗೋಸ್ಕರ ನಿಂತಳು ಎಂದು ಊರೆಲ್ಲ ಹೇಳುತ್ತದೆ, ಅವಳು ಮಾತ್ರ ಆ ದಿನದ ಬಗ್ಗೆ ಬಾಯಿ ಬಿಟ್ಟವಳಲ್ಲ. ಅದನ್ನೇ ಒಂದು ವಿಶುವಲ್ ನಾವೆಲ್ ಮಾಡಬೇಕೆಂದು ದೀಪ್ತಿಯ ಆಸೆ: ಪರದೆಯ ಮೇಲೆ ಚಿತ್ರ, ಕೆಳಗೆ ಮಾತು, ನಡುವೆ ಆಡುವವರು ಬೆರಳೊತ್ತಿ ದಾರಿ ಆರಿಸುವುದು, ಜೊತೆಗೆ ದೊಡ್ಡಮ್ಮನದೇ ಧ್ವನಿ. ಅಮ್ಮಣ್ಣಿ ಅರುವತ್ತು ದಿನದ ವಿಸಿಟ್ ವೀಸಾದಲ್ಲಿ ದುಬೈಗೆ ಬಂದಿಳಿದಳು. ಮೊದಲ ವಾರದಲ್ಲೇ ದೀಪ್ತಿ ಅವಳ ಮಾತು ರೆಕಾರ್ಡ್ ಮಾಡಲು ಫೋನು ಹಿಡಿದು ಕೂತಳು.

"ಈಗ ಬೇಡ," ಎಂದ ರಿತೇಶ. "ಎಂಜಿನ್ ಯಾವುದು ಅಂತ ಮೊದಲು ಆಗ್ಲಿ. ಒಂದೊಂದಕ್ಕೆ ಧ್ವನಿ ಒಂದೊಂದು ತರ ಬೇಕು. ಮುದುಕಿ ಹತ್ರ ಎರಡೆರಡು ಸಲ ಹೇಳಿಸ್ಲಿಕ್ಕೆ ಆಗ್ತದಾ?"

ಆಟ ಕಟ್ಟುವ ಸಾಫ್ಟ್‌ವೇರಿಗೆ ಎಂಜಿನ್ ಎನ್ನುತ್ತಾರೆ ಎಂಬುದೇ ದೀಪ್ತಿಗೆ ಹೊಸತು. ಬಲ್ಲವನು ಹೇಳುತ್ತಿದ್ದಾನೆಂದು ಫೋನು ಕೆಳಗಿಟ್ಟಳು. ಇಪ್ಪತ್ತು ದಿನ ಕಳೆಯಿತು. ಕತೆ ಓದಿಸುವ ಆಟಕ್ಕೆ ರೆನ್‌ಪೈ ಎಂಬ ಎಂಜಿನ್ ಸಾಕು, ಪುಕ್ಕಟೆ, ಸುಲಭ ಎಂದು ಅವನೇ ಹೇಳಿದ. ಹೇಳಿ ಅವನೇ ಹಿಂಜರಿದ.

"ನೋಡು, ಆ ವಯಸ್ಕರ ಆಟಗಳುಂಟಲ್ಲ, ಅವನ್ನೂ ಸುಮಾರು ಜನ ಇದರಲ್ಲೇ ಮಾಡ್ತಾರೆ. ನಾಳೆ ಇಲ್ಲಿಯ ಕನ್ನಡ ಸಂಘದವರಿಗೆ ಗೊತ್ತಾದ್ರೆ?"

"ಲಿಫ್ಟಿನಲ್ಲಿ ಯಾರ್ಯಾರೋ ಹತ್ತಿ ಇಳೀತಾರೆ. ಅದಕ್ಕೆ ನೀವು ಹದಿನಾಲ್ಕನೇ ಮಾಳಿಗೆಗೆ ಮೆಟ್ಟಿಲಲ್ಲಿ ಬರ್ತೀರಾ?"

ಅವನು ಯೂನಿಟಿ ಎಂಬ ಇನ್ನೊಂದು ಎಂಜಿನ್ನಿಗೆ ಹೋದ. ಅಲ್ಲಿ ಗೊಂಬೆಗಳು ತಿರುಗುತ್ತವೆ, ಬಾಗುತ್ತವೆ, ಕೂದಲು ಹಾರುತ್ತದೆ. ಆದರೆ ಎಂಜಿನ್‌ಗಳನ್ನು ಹೋಲಿಸುವ ಲೇಖನಗಳಲ್ಲಿ ಅಲ್ಲೂ ಅದೇ ಆಟಗಳ ಪ್ರಸ್ತಾಪ. ಕೆಲವು ಪುಟಗಳು ಈ ದೇಶದಲ್ಲಿ ತೆರೆಯುವುದೇ ಇಲ್ಲ. ತೆರೆದವನ್ನು ದೊಡ್ಡಮ್ಮ ಹತ್ತಿರ ಬಂದಾಗಲೆಲ್ಲ ಅವನು ಪಟ್ಟನೆ ಮುಚ್ಚುತ್ತಿದ್ದ. ಮಾಡಬಾರದ್ದೇನನ್ನೂ ಮಾಡದೆ ಕಳ್ಳನ ಮುಖ ಹೊತ್ತು ತಿರುಗುವ ಗಂಡನನ್ನು ಕಂಡು ದೀಪ್ತಿಗೆ ಮೈಯೆಲ್ಲ ಉರಿಯುತ್ತಿತ್ತು.

"ನಮ್ಮ ಕತೆಯಲ್ಲಿ ಯಾರೂ ಬಟ್ಟೆ ಬಿಚ್ಚುದಿಲ್ಲ ಮಾರ್ರೆ," ಎಂದಳು ಒಂದು ಶುಕ್ರವಾರ. "ಒಂದು ಹೆಣ್ಣು ಬಸ್‌ಸ್ಟ್ಯಾಂಡಲ್ಲಿ ನಿಲ್ತಾಳೆ. ಅಷ್ಟೇ. ಅದಕ್ಕೆ ಎಷ್ಟು ಎಂಜಿನ್ ಬೇಕು?"

"ಎರಡು ದಿನ ಕೊಡು."

ಐವತ್ತೈದನೇ ದಿನ ಅವನು ರೆನ್‌ಪೈ ಎಂದೇ ತೀರ್ಮಾನಿಸಿದ. ಐವತ್ತಾರನೇ ದಿನ ಏಸಿಯ ಥಂಡಿಗೆ ಅಮ್ಮಣ್ಣಿಯ ಗಂಟಲು ಕಟ್ಟಿತು. ಕಷಾಯ, ಉಪ್ಪುನೀರು, ಡಾಕ್ಟರು, ಯಾವುದಕ್ಕೂ ಬಗ್ಗಲಿಲ್ಲ. ವೀಸಾ ಮುಗಿದ ದಿನ ಏರ್‌ಪೋರ್ಟಿನಲ್ಲಿ ಅವಳು ದೀಪ್ತಿಯ ಕೆನ್ನೆ ಸವರಿ ಕೈಸನ್ನೆಯಲ್ಲೇ ಹೊರಟುಹೋದಳು. ಊರಿಗೆ ಹೋಗಿ ಧ್ವನಿ ಬಂದ ಮೇಲೆ ಫೋನಿನಲ್ಲಿ ಹೇಳು ಎಂದರೆ, "ಎದುರು ಯಾರೂ ಇಲ್ಲದೆ ಕತೆ ಹೇಳ್ಲಿಕ್ಕೆ ನನಗೆಂತ ಮರ್ಲಾ, ಹುಚ್ಚಾ?" ಎಂದಳು.

ದೀಪ್ತಿ ನಾಲ್ಕು ದಿನ ಗಂಡನ ಜೊತೆ ಮಾತು ಬಿಟ್ಟಳು. ಐದನೇ ದಿನ ಅವನು ಲ್ಯಾಪ್‌ಟಾಪ್ ತಂದು ಅವಳೆದುರು ಇಟ್ಟ. ಪ್ರತಿ ಎಂಜಿನ್ನಿನಲ್ಲೂ ಧ್ವನಿ ಹೇಗೆ ಬರುತ್ತದೆಂದು ನೋಡಲು ದೊಡ್ಡಮ್ಮನಿಂದ ಏನಾದರೂ ಒಂದು ಮಾತು ಹೇಳಿಸಿಕೊಂಡಿದ್ದನಂತೆ. ಹನ್ನೊಂದು ಎಂಜಿನ್, ಹನ್ನೊಂದು ತುಣುಕು.

ಹತ್ತರಲ್ಲೂ ಬೈಗುಳವೇ. ಊಟ ತಣಿಯಿತು, ಹೆಂಡತಿ ಕರೆಯುತ್ತಾಳೆ, ಕಣ್ಣು ಹಾಳಾಗ್ತದೆ. ಹನ್ನೊಂದನೆಯದನ್ನು ದೀಪ್ತಿ ಬೇಸರದಲ್ಲೇ ಒತ್ತಿದಳು.

"ಇನ್ನೂ ಆಗ್ಲಿಲ್ವಾ ಮಾರಾಯ? ನಾನೂ ಹೀಗೇ ಇದ್ದೆ. ಹೋಗುದಾ ಬೇಡ್ವಾ, ಹೋಗುದಾ ಬೇಡ್ವಾ ಅಂತ ನಿಂತೆ. ಕಂಡಕ್ಟರ್ ಎರಡು ಸಲ ಕರೆದ. ನೋಡ್ತಾ ನೋಡ್ತಾ ಬಸ್ಸು ಹೋಯ್ತು. ಆಮೇಲೆ ಎಲ್ಲ ಹೇಳಿದ್ರು, ಅಮ್ಮಣ್ಣಿ ತಂಗಿಯರಿಗೋಸ್ಕರ ನಿಂತಳು ಅಂತ. ನಾನೂ ಹೌದು ಅಂದೆ."

ದೀಪ್ತಿ ಅದನ್ನೇ ಮತ್ತೊಮ್ಮೆ ಒತ್ತಿದಳು. ನಲವತ್ತು ವರ್ಷ ಯಾರಿಗೂ ಹೇಳದ್ದು.

"ನೀವು ಇದನ್ನು ಕೇಳ್ಲಿಲ್ವಾ?"

"ಕೇಳಿದೆ. ಅಂದ್ರೆ, ಧ್ವನಿಯ ಲೆವೆಲ್ ನೋಡ್ತಿದ್ದೆ."

ಅವಳಿಗೆ ಅವನ ತಲೆಗೆ ಏನಾದರೂ ಎತ್ತಿ ಹಾಕಬೇಕೆನ್ನಿಸಿತು. ಅಳುವೂ ಬಂತು. ಎರಡನ್ನೂ ನುಂಗಿ ತಾನೇ ಕೂತು, ತನ್ನ ಆಫೀಸು ಮುಗಿಸಿ ಬಂದ ಮೇಲೆ ದಿನಕ್ಕೊಂದು ಗಂಟೆಯಂತೆ ರೆನ್‌ಪೈಯಲ್ಲಿ ಬರೆದಳು. ಚಿತ್ರಗಳು ಸಾಧಾರಣ. ಯಾರ ಕೂದಲೂ ಹಾರುವುದಿಲ್ಲ.

ಮೊದಲು ಆಡಲು ಕೂತವನು ರಿತೇಶ. ಪಡುಬಿದ್ರಿ ಪೇಟೆ, ಧೂಳು, ಕೆಂಪು ಬಸ್ಸು. ಪರದೆಯ ಮೇಲೆ ಎರಡೇ ಸಾಲು ಮೂಡಿದವು: ಹತ್ತು, ಹತ್ತಬೇಡ.

"ಯಾವುದು ಒತ್ತಿದ್ರೆ ಎಂತ ಆಗ್ತದೆ?" ಎಂದ.

ದೀಪ್ತಿ ಪರದೆಯತ್ತ ಬೆರಳು ತೋರಿಸಿದಳು. ಅವನ ಕೈ ಮೇಲಿನ ಸಾಲಿಗೆ ಹೋಯಿತು, ಕೆಳಗೆ ಬಂತು, ಮತ್ತೆ ಮೇಲೆ ಹೋಯಿತು. ಕಂಡಕ್ಟರ್ ಒಮ್ಮೆ ಕರೆದ. ಇನ್ನೊಮ್ಮೆ ಕರೆದ. ಎರಡೂ ಸಾಲು ಅಳಿಸಿಹೋಗಿ, ಬಸ್ಸು ಹೊರಟು, ಖಾಲಿ ರಸ್ತೆಯ ಮೇಲೆ ದೊಡ್ಡಮ್ಮನ ಧ್ವನಿ ಬಂತು: "ಇನ್ನೂ ಆಗ್ಲಿಲ್ವಾ ಮಾರಾಯ?"