‘ಕಾಣ್ತದೆ’ ಅಂದರೆ ಕಾಣುವುದಿಲ್ಲ

ಸಾಗರದಲ್ಲಿ ಬಾಡಿಗೆ ಕೋಣೆ ನೋಡಲು ಹೋದ ದಿನ, ಬಾಗಿಲು ತೆರೆದ ಮನೆಯೊಡತಿ ನನ್ನ ಮುಖ ನೋಡಿದವರೇ, “ಆಸ್ರಿಗೆ ಬೇಕಾ?” ಅಂದರು. ಉತ್ತರದ ನಮ್ಮೂರು ಇಂಡಿಯಿಂದ ಇಲ್ಲಿಯವರೆಗೆ ಬಸ್ಸಿನಲ್ಲಿ ಬಳಲಿ ಬಂದಿದ್ದೆ. ಕಣ್ಣು ತುಂಬಿಕೊಂಡವು. “ಅದಕ್ಕ ಬಂದೀನ್ರಿ ಅಕ್ಕಾರ. ಒಂದು ಖೋಲಿ ಇದ್ರ ಸಾಕು,” ಅಂದೆ. ಅವರು ನನ್ನನ್ನು ಒಂದು ಗಳಿಗೆ ನೋಡಿ ಒಳಗೆ ಹೋಗಿ, ಬೆಲ್ಲ ನೀರು ತಂದಿಟ್ಟರು. “ಕುಡಿಯಕ್ಕೆ ಬೇಕಾ ಕೇಳಿದ್ದು ಮಾರಾಯ್ತಿ. ಖೋಲಿ ಆಮೇಲೆ.”

ಆಸ್ರಿಗೆ ಅಂದರೆ ಬಾಯಾರಿಕೆಗೆ. ಆಸರೆಗಲ್ಲ.

ದುಬೈಗೆ ಹೋಗುವವರು ಭಾಷೆ ಬೇರೆ ಎಂದು ತಿಳಿದೇ ಹೋಗುತ್ತಾರೆ. ನಾನು ಒಂದೇ ರಾಜ್ಯ, ಒಂದೇ ಕನ್ನಡ ಎಂದು ನಂಬಿ ಬಂದೆ. ನಂಬಿಕೆ ಬಿಟ್ಟರೆ ಚಿಂತೆ, ಇವೆರಡೇ ನನ್ನ ಆಸ್ತಿ. ಇಲ್ಲಿಗೆ ಬಂದಮೇಲೆ ಚಿಂತೆಗೆ ಒಳ್ಳೆಯ ಮೇವು ಸಿಕ್ಕಿತು. ಊರಿಂದ ತಂದ ಜೋಳದ ಹಿಟ್ಟು ಈ ಥಂಡಿಗೆ ಮುಗ್ಗಿ ಹೋಯಿತು. ಸಾರಿಗೆ ಬೆಲ್ಲ ಹಾಕುತ್ತಾರೆ. ಖಾರ ಕೇಳಿದರೆ ಹೊಟ್ಟೆ ಸರಿ ಇದೆಯಾ ಎಂದು ವಿಚಾರಿಸುತ್ತಾರೆ.

ನನ್ನ ಕೆಲಸದ ಬಗ್ಗೆ ಹೇಳಬೇಕು. ಇಲ್ಲಿಯದೊಂದು ಸಣ್ಣ ಸಂಸ್ಥೆ ನನ್ನನ್ನು ಕರೆಸಿಕೊಂಡದ್ದು ಮಂದದೃಷ್ಟಿಯವರಿಗೆ ತರಬೇತಿ ಕೊಡಲು. ಔಷಧಿ, ಆಪರೇಷನ್, ಕನ್ನಡಕ ಎಲ್ಲ ಮುಗಿದ ಮೇಲೂ ಪೂರ್ತಿ ಕಾಣದ, ಹಾಗೆಂದು ಪೂರ್ತಿ ಕುರುಡೂ ಅಲ್ಲದ ಜನ ಇವರು. ಉಳಿದಿರುವ ಚೂರು ನೋಟದಲ್ಲೇ ಓದುವುದು, ಅಡುಗೆ ಮಾಡುವುದು, ರಸ್ತೆ ದಾಟುವುದನ್ನು ಹೇಳಿಕೊಡುವುದು ನನ್ನ ಪಾಲು. ಆದರೆ ಜನರ ತಲೆಯಲ್ಲಿ ಎರಡೇ ಖಾನೆ: ಕಾಣುವವರು, ಕಾಣದವರು. ತೀರ್ಥಹಳ್ಳಿಯ ಒಂದು ಶಾಲೆಯಲ್ಲಿ, ಬೋರ್ಡು ಕಾಣದ ಹುಡುಗಿಗೆ ದಪ್ಪಕ್ಷರದ ಪುಸ್ತಕ ಮಾಡಿಸೋಣ ಅಂದರೆ, “ಮೊನ್ನೆ ಓಡಿಬಂದು ಬಾಲ್ ಹಿಡಿದಳಲ್ಲ ಮೇಡಂ, ನಾಟಕ,” ಅಂದರು ಮೇಷ್ಟ್ರು. ಕೆಂಪು ಬಾಲು ಹಸಿರು ಹುಲ್ಲಿನ ಮೇಲೆ ಕಂಡೀತು, ಮಬ್ಬು ಬೋರ್ಡಿನ ಮೇಲೆ ಸವೆದ ಸೀಮೆಸುಣ್ಣ ಕಾಣದು ಎಂದು ವಿವರಿಸಿದೆ. ಅವರು ತಲೆ ಆಡಿಸಿದರು. ಏನೂ ಆಗಲಿಲ್ಲ. ಊರಲ್ಲೂ ಹೀಗೇ ತಲೆ ಆಡಿಸುತ್ತಿದ್ದರು, ಅದೊಂದರಲ್ಲಿ ಕರ್ನಾಟಕ ಏಕೀಕರಣ ಸಂಪೂರ್ಣ.

ಹೊಸನಗರದಲ್ಲಿ ಸಂಸ್ಥೆ ನಡೆಸಿದ ಶಿಬಿರಕ್ಕೆ ಹುಂಚದಿಂದ ಚಂದ್ರಮತಿಯಮ್ಮ ಎಂಬ ಜೈನ ಹಿರಿಯರು ಬಂದರು, ಜೊತೆಗೆ ಸೊಸೆ ಸುಜಾತಾ. ವಯಸ್ಸಿನಿಂದ ಅವರ ನೋಟದ ನಡುಭಾಗ ಅಳಿಸಿಹೋಗಿತ್ತು, ಅಂಚು ಉಳಿದಿತ್ತು. ಓದಬೇಕೆ, ಟಿ.ವಿ. ನೋಡಬೇಕೆ ಎಂದು ಕೇಳಿದೆ.

“ಅದೆಲ್ಲ ಬ್ಯಾಡ. ನಂಗೆ ಗೆರಸಿ ವಾಪಸ್ ಬೇಕು,” ಅಂದರು.

ಗೆರಸಿ ಅಂದರೆ ಅಕ್ಕಿ ಹಸನು ಮಾಡುವ ಮೊರ, ನಮ್ಮ ಕಡೆಯ ಮರ. ಅಕ್ಕಿಯಲ್ಲಿ ಒಂದು ಹುಳ ಉಳಿದು ಬೆಂದರೂ ಅವರಿಗೆ ಹಿಂಸೆಯ ಪಾಪ. ಒಮ್ಮೆ ಹಾಗೆ ಬೆಂದು ತಟ್ಟೆಗೆ ಬಂದಿತ್ತಂತೆ. ಅಂದಿನಿಂದ ಸುಜಾತಾ ಗೆರಸಿಯನ್ನು ಅತ್ತೆಯ ಕೈಗೆ ಕೊಡಲಿಲ್ಲ. ಗೆರಸಿಯ ಜೊತೆ ಅಡುಗೆಮನೆಯೂ ಹೋಯಿತು.

ನಾನು ಅಂಕಿಗಳ ಕಾರ್ಡು ಹಿಡಿದೆ. “ಏನ್ ಕಾಣಸ್ತೈತ್ರಿ?”

“ಏಳು ಕಾಣ್ತದೆ.”

“ಇದು?”

“ಮೂರು ಕಾಣ್ತದೆ.”

ಸಣ್ಣ ಅಂಕಿಯವರೆಗೂ ಕಾಣ್ತದೆ, ಕಾಣ್ತದೆ. ಹತ್ತಕ್ಕೆ ಎಂಟು ಸರಿ! ಸಂತೋಷದಿಂದ ಹಗುರವಾದ ಭೂತಗನ್ನಡಿಯೊಂದನ್ನು ಕೊಟ್ಟು ಕಳಿಸಿದೆ. ಆ ದಿನ ಬಸ್ಸಿನಲ್ಲಿ ಸಾಗರದವರೆಗೂ ಚಿಂತೆ ಮಾಡಲಿಲ್ಲ, ಅದೇ ಅಪಶಕುನ.

ಮುಂದಿನ ತಿಂಗಳು ಹುಂಚದ ಮನೆಗೆ ಹೋದಾಗ ಭೂತಗನ್ನಡಿ ಕಿಟಕಿಯಲ್ಲಿ ಧೂಳು ತಿನ್ನುತ್ತಿತ್ತು. ಚಂದ್ರಮತಿಯಮ್ಮ ಚಾಪೆ ಹಾಸಿದರು.

“ಅದ್ರಲ್ಲಿ ಅಕ್ಕಿಯೇ ಸರಿ ಕಾಣಲ್ಲ, ಹುಳ ಎಲ್ಲಿಂದ ಕಾಣ್ಬೇಕು?” ಅಂದಳು ಸುಜಾತಾ.

“ಆದ್ರ ಕಾರ್ಡಿನ್ಯಾಗ ಎಲ್ಲಾ ಕಾಣಸ್ತೈತಿ ಅಂದ್ರಲ್ರಿ!”

“ಎಲ್ಲಿ ಅಂದ್ರು? ಏಳು ಕಾಣ್ತದೆ ಅಂದ್ರು.”

“ಅದನ್ನ ನಾನೂ ಹೇಳಾಕತ್ತೀನಿ.”

ಸುಜಾತಾ ಸೊಂಟಕ್ಕೆ ಕೈಯಿಟ್ಟು ನಿಂತಳು. “ಮೇಡಂ, ಮಳೆ ಬರ್ತದೆ ಕಾಣ್ತದೆ ಅಂದ್ರೆ ನಿಮ್ಗೆ ಮಳೆ ಕಾಣ್ತದಾ? ಬರಬಹುದೇನೋ ಅಂತ. ಅತ್ತೆ ಮಬ್ಬು ಆಕಾರ ನೋಡಿ ಅಂದಾಜು ಹೇಳಿದ್ದು. ಏಳು ಇರಬಹುದೇನೋ, ಮೂರು ಇರಬಹುದೇನೋ!”

ನಮ್ಮ ಕಡೆ ಕಾಣಸ್ತೈತಿ ಅಂದರೆ ಕಣ್ಣಿನ ಸಾಕ್ಷಿ. ಇಲ್ಲಿ ಕಾಣ್ತದೆ ಅಂದರೆ ಅನುಮಾನ. ಕಣ್ಣಿನ ತರಬೇತಿಗೆಂದು ಬಂದವಳು ಆ ಒಂದು ಕ್ರಿಯಾಪದವನ್ನಾದರೂ ಮೊದಲು ಕಲಿತಿರಬೇಡವೇ? ಈ ಮೂರು ತಾಲ್ಲೂಕಿನಲ್ಲಿ ಇನ್ನೆಷ್ಟು ಜನರ ಅಂದಾಜಿಗೆ ಭೂತಗನ್ನಡಿ ಹಂಚಿದ್ದೇನೋ!

“ಮತ್ತೆ ಸುಮ್ನೆ ಯಾಕ ಹೇಳಿದ್ರಿ ಅಮ್ಮಾರ? ಕಾಣಂಗಿಲ್ಲ ಅನ್ನಬೇಕಿತ್ತಲ್ರಿ,” ಅಂದೆ, ತಪ್ಪು ನನ್ನದಾದರೂ ಸ್ವಲ್ಪ ಸಿಟ್ಟಿನಿಂದಲೇ.

“ಅಷ್ಟು ದೂರದಿಂದ ಬಂದು ಕೇಳ್ತೀರಿ. ಇಲ್ಲ ಇಲ್ಲ ಅಂತ ಹೆಂಗೆ ಹೇಳದು?”

ಮತ್ತೆ ಕಾರ್ಡು ತೆಗೆದೆ. ಈ ಸಲ ಕರಾರು: ಕಾಣ್ತದೆ ಎಂಬ ಮಾತು ನಿಷಿದ್ಧ. ‘ಗೊತ್ತು’ ಅಥವಾ ‘ಗೊತ್ತಿಲ್ಲ’. ಗೊತ್ತು ಅಂದದ್ದು ದಪ್ಪ ಅಂಕಿಯ ಮೊದಲ ಎರಡು ಸಾಲು ಮಾತ್ರ. ಅವರಿಗೆ ಬೇಕಾದದ್ದು ದೀಪವಿರುವ, ಸ್ಟ್ಯಾಂಡಿನ ಮೇಲೆ ನಿಲ್ಲುವ, ಹೆಚ್ಚು ಶಕ್ತಿಯ ಭೂತಗನ್ನಡಿ. ಸಂಸ್ಥೆಗೆ ಬರೆದೆ, ಫೋನು ಮಾಡಿದೆ, ಮತ್ತೆ ಬರೆದೆ. ಬಂತು, ಸೆಲ್ಲು ಇರಲಿಲ್ಲ. ಸೆಲ್ಲು ಹಾಕಿದರೆ ದೀಪ ಹತ್ತಲಿಲ್ಲ. ಕಳಿಸಿದವರು, “ಬೇರೆ ಕಡೆ ಹತ್ತಿತ್ತಲ್ಲ,” ಅಂದರು. ಬೇರೆಯದು ಬರುವಷ್ಟರಲ್ಲಿ ಚಂದ್ರಮತಿಯಮ್ಮ ಗೆರಸಿಯ ಮಾತು ಎತ್ತುವುದನ್ನೇ ಬಿಟ್ಟಿದ್ದರು.

ಕೊನೆಗೊಂದು ಮಧ್ಯಾಹ್ನ ಬಾಗಿಲ ಬೆಳಕಿಗೆ ಕೂತೆವು. ನೋಟದ ನಡುಭಾಗ ಹೋದವರು ವಸ್ತುವಿನ ಪಕ್ಕಕ್ಕೆ ಕಣ್ಣು ಹಾಯಿಸಿ ನೋಡಲು ಕಲಿಯಬೇಕು. “ನನ್ನ ಮುಖ ನೋಡಬ್ಯಾಡ್ರಿ, ಕಿವಿ ನೋಡ್ರಿ. ಮುಖ ತಾನ ಬರ್ತೈತಿ,” ಅಂದೆ.

ಅವರು ನನ್ನ ಕಿವಿಯನ್ನೇ ನೋಡಿದರು. ಸ್ವಲ್ಪ ಹೊತ್ತಾದ ಮೇಲೆ, “ಎಷ್ಟು ಸೋತ ಮುಖ ಮಾರಾಯ್ತಿ ನಿಂದು,” ಅಂದರು. ಬಹುವಚನ ಬಿದ್ದುಹೋಗಿತ್ತು.

ಗೆರಸಿಯಲ್ಲಿ ಒಂದು ಬೊಗಸೆ ಅಕ್ಕಿ. ಹೊಸ ಭೂತಗನ್ನಡಿ ಅದರ ಮೇಲೆ ಇಂಚಿಂಚು ಸರಿಯಿತು. ಸುಜಾತಾ ಗೋಡೆಗೊರಗಿ, “ಈ ಅಕ್ಕಿ ಬೇಯಷ್ಟರಲ್ಲಿ ಬೆಳಗಾಗ್ತದೆ,” ಅಂದಳು. ಅತ್ತೆ ತಲೆ ಎತ್ತಲಿಲ್ಲ. ಒಂದು ಕಡೆ ಕನ್ನಡಿ ನಿಂತಿತು.

“ಹುಳ,” ಅಂದರು.

ಇದೆಯೇನೋ ಅನ್ನಲಿಲ್ಲ. ಬೆರಳ ತುದಿಗೆ ಹತ್ತಿಸಿಕೊಂಡು, ಅಂಗಳಕ್ಕೆ ತಡಕುತ್ತ ಹೋಗಿ ಎಲೆಯ ಮೇಲೆ ಬಿಟ್ಟು ಬಂದರು. ಸುಜಾತಾ ಆ ಅಕ್ಕಿಯನ್ನು ಮತ್ತೊಮ್ಮೆ ನೋಡಿದಳು. ಬಹಳ ಹೊತ್ತು ನೋಡಿದಳು, ಏನೂ ಸಿಗಲಿಲ್ಲ. ಖುಷಿಯಾಯಿತೋ ಕೆಲಸ ಹೆಚ್ಚಾಯಿತೋ ಅವಳ ಮುಖದಿಂದ ತಿಳಿಯಲಿಲ್ಲ. ಮನೆಯವರಿಗೆಲ್ಲ ಅಕ್ಕಿ ಸುಜಾತಾ ಹಸನು ಮಾಡುವುದು, ದಿನಕ್ಕೊಂದು ಬೊಗಸೆ ಅತ್ತೆಯದು ಎಂದು ಒಪ್ಪಂದವಾಯಿತು. ಇಡೀ ಗೆರಸಿ ಕೇಳಿದವರಿಗೆ ಸಿಕ್ಕಿದ್ದು ಒಂದು ಬೊಗಸೆ.

ಆ ಬೊಗಸೆಯ ಅನ್ನವನ್ನು ನನಗೇ ಬಡಿಸುವುದೆಂದು ಅತ್ತೆಯ ಹಟ. ಅವರದು ಹೊತ್ತು ಮುಳುಗುವ ಮೊದಲೇ ಊಟ. ನಮ್ಮೂರಲ್ಲಿ ಆ ಹೊತ್ತಿಗೆ ಚಹಾಕ್ಕೆ ಇಡುತ್ತಾರೆ. ಕೂತೆ.

“ನಿನ್ನ ಊರಲ್ಲಿ ನನ್ನಂಥೋರಿಗೆ ಯಾರು ಹೇಳಿಕೊಡ್ತಾರೆ?” ಚಂದ್ರಮತಿಯಮ್ಮ ಕೇಳಿದರು.

“ಯಾರೂ ಇಲ್ರಿ.”

“ಮತ್ತೆ ನೀವು ಇಲ್ಲೆಂತ ಮಾಡ್ತಿದೀರಿ?” ಸುಜಾತಾ ಕೇಳಿದ್ದು ಕುಹಕದಿಂದಲ್ಲ, ನಿಜವಾಗಿಯೂ ತಿಳಿಯದೆ.

“ಬಾಯಿ ಮುಚ್ಚೆ. ಇವ್ಳು ಹೋದ್ರೆ ನನ್ನ ಗತಿ ಎಂತ?” ಅತ್ತೆ ಗದರಿದರು.

ಇಬ್ಬರ ಮಾತೂ ಸರಿ. ಊರಿನ ಕಟ್ಟೆಗಳ ಮೇಲೆ “ವಯಸ್ಸಾತು, ಇನ್ನ ಇಷ್ಟ” ಎಂದು ಕೂರಿಸಿಟ್ಟವರ ಮುಖಗಳು ಒಂದೊಂದಾಗಿ ನೆನಪಿಗೆ ಬಂದವು. ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲೂ ಒಬ್ಬರಿದ್ದಾರು. ಊರಿನವರನ್ನು ಬಿಟ್ಟು ಬಂದವಳು ನಾನು. ಇವರನ್ನು ಬಿಟ್ಟು ಹೊರಡಲೂ ಆಗದವಳು.

ತಟ್ಟೆ ಮುಂದೆ ಸರಿಸಿದೆ. ಚಂದ್ರಮತಿಯಮ್ಮ ತಟ್ಟೆಯ ಪಕ್ಕಕ್ಕೆ ಕಣ್ಣಿಟ್ಟು ಸೌಟು ಬಗ್ಗಿಸಿದರು. ಅರ್ಧ ಅನ್ನ ತಟ್ಟೆಗೆ ಬಿತ್ತು, ಅರ್ಧ ಹೊರಗೆ. ಸುಜಾತಾ ಸೌಟಿಗೆ ಕೈ ಚಾಚಿದಳು. ನಾನು ಬೇಡವೆಂದು ಅವಳಿಗೆ ಕಣ್ಣಲ್ಲೇ ಹೇಳಿ, ಹೊರಗೆ ಬಿದ್ದದ್ದನ್ನೂ ಬಳಿದುಕೊಂಡು ಉಂಡೆ.